ಕಪ್ಪು-ಬಿಳುಪು ಕಾಲದ ಬ್ರಿಟಿಷ್ ಟೆಲಿವಿಷನ್ನಿನ ಒಂದು ದಿನವನ್ನು ಮರಳಿ ಕಟ್ಟುವ ಬಗೆ

ಬ್ರಿಟನ್ನಿನಲ್ಲಿ ನಿಯತ ಟೆಲಿವಿಷನ್ ಪ್ರಸಾರ ಆರಂಭವಾದದ್ದು 1936ರ ನವೆಂಬರ್ 2ರಂದು. ಬಿಬಿಸಿ ಒಂದನೆಯ ವಾಹಿನಿಯೂ ಜಾಹೀರಾತಿನ ಹಣದಿಂದ ನಡೆಯುತ್ತಿದ್ದ ಐಟಿವಿಯೂ ಬಣ್ಣಕ್ಕೆ ತಿರುಗಿದ್ದು 1969ರ ನವೆಂಬರ್ 15ರಂದು. ಈ ಎರಡು ನವೆಂಬರ್‌ಗಳ ನಡುವಿನ ಯಾವುದಾದರೂ ಒಂದು ದಿನವನ್ನು ಆರಿಸಿಕೊಂಡು, ಅಂದು ಒಂದು ಮನೆಯ ಪರದೆಯ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮೂಡಿತೆಂಬುದನ್ನು ಗಂಟೆಗಂಟೆಯ ಲೆಕ್ಕದಲ್ಲಿ ಮತ್ತೆ ಜೋಡಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ. ಆ ಕಾಲವನ್ನು ಕುರಿತು ಕಥೆ, ನಾಟಕ ಬರೆಯುವವರಿಗೆ, ಮಾಧ್ಯಮದ ಇತಿಹಾಸ ಓದುವವರಿಗೆ, ಹಳೆಯ ಕಾರ್ಯಕ್ರಮಗಳನ್ನು ಅವುಗಳ ಮೂಲ ಕ್ರಮದಲ್ಲೇ ನೋಡಬಯಸುವ ಹವ್ಯಾಸಿಗಳಿಗೆ ಇದು ಉಪಯೋಗಕ್ಕೆ ಬಂದೀತು. ಈ ಕೆಲಸಕ್ಕೆ ಕೈಹಾಕಿದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಇಂದಿನ ವಾಹಿನಿಗಳ ಅಭ್ಯಾಸದಿಂದ ಅವರು ಪ್ರತಿ ಗಂಟೆಯನ್ನೂ ತುಂಬಲು ಹೊರಡುತ್ತಾರೆ. ಅಂದಿನ ದಿನದ ಬಹುಪಾಲು ಹೊತ್ತು ಪರದೆಯ ಮೇಲೆ ಏನೂ ಇರುತ್ತಿರಲಿಲ್ಲ, ಇದ್ದರೂ ಕಾರ್ಯಕ್ರಮವೆನ್ನುವಂಥದ್ದು ಇರುತ್ತಿರಲಿಲ್ಲ. ಆ ಖಾಲಿ ಜಾಗಗಳನ್ನು ಸರಿಯಾಗಿ ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಮನೆ, ಆಮೇಲೆ ದಿನಾಂಕ

ದಿನಾಂಕವನ್ನು ಗೊತ್ತುಮಾಡುವ ಮೊದಲು, ನೀವು ಕಲ್ಪಿಸಿಕೊಳ್ಳುವ ಮನೆ ಯಾವ ಊರಿನಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಹಲವು ವರ್ಷಗಳ ಕಾಲ ಟೆಲಿವಿಷನ್ ಎಂದರೆ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನ ಪ್ರಸಾರ ಗೋಪುರದ ತರಂಗಗಳು ಮುಟ್ಟುವಷ್ಟು ಪ್ರದೇಶದ ಸೊತ್ತು ಮಾತ್ರವಾಗಿತ್ತು. ಬರ್ಮಿಂಗ್‌ಹ್ಯಾಮ್ ಕಡೆಯವರಿಗೆ ಅದು ಒದಗಿದ್ದು 1949ರ ಡಿಸೆಂಬರ್‌ನಲ್ಲಿ ಸಟನ್ ಕೋಲ್ಡ್‌ಫೀಲ್ಡ್ ಕೇಂದ್ರ ತೆರೆದ ಮೇಲೆ. ಉತ್ತರ ಇಂಗ್ಲೆಂಡಿಗೆ 1951ರ ಅಕ್ಟೋಬರ್‌ನಲ್ಲಿ ಹೋಮ್ ಮಾಸ್, ಸ್ಕಾಟ್ಲೆಂಡಿಗೆ 1952ರ ಮಾರ್ಚ್‌ನಲ್ಲಿ ಕರ್ಕ್ ಓ ಶಾಟ್ಸ್, ದಕ್ಷಿಣ ವೇಲ್ಸಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ ವೆನ್ವೋ ಕೇಂದ್ರಗಳು ಬಂದವು. ಆದ್ದರಿಂದ 1950ರ ಗ್ಲಾಸ್ಗೋ ನಗರದ ಮನೆಯೊಂದರಲ್ಲಿ ಮಕ್ಕಳು ಪರದೆಯ ಮುಂದೆ ಕುಳಿತಿದ್ದರು ಎಂದು ಬರೆದರೆ ಅಲ್ಲಿಗೇ ಲೆಕ್ಕ ತಪ್ಪುತ್ತದೆ.

ಐಟಿವಿಯ ವಿಷಯದಲ್ಲಿ ಊರಿನ ಆಯ್ಕೆ ಇನ್ನೂ ಮುಖ್ಯವಾಗುತ್ತದೆ, ಏಕೆಂದರೆ ಅದು ಒಂದೇ ಸಂಸ್ಥೆಯಾಗಿರಲಿಲ್ಲ. ಪ್ರದೇಶಕ್ಕೊಂದು ಕಂಪನಿ, ಕೆಲವೆಡೆ ವಾರದ ದಿನಗಳಿಗೊಂದು ಮತ್ತು ವಾರಾಂತ್ಯಕ್ಕೊಂದು ಕಂಪನಿ ಎಂಬ ಏರ್ಪಾಟು ಅಲ್ಲಿತ್ತು. 1955ರ ಸೆಪ್ಟೆಂಬರ್ 22ರಂದು ಲಂಡನ್ನಿನಲ್ಲಿ ಆರಂಭವಾದಾಗ ಸೋಮವಾರದಿಂದ ಶುಕ್ರವಾರದವರೆಗೆ ಅಸೋಸಿಯೇಟೆಡ್-ರಿಡಿಫ್ಯೂಷನ್, ಶನಿವಾರ ಭಾನುವಾರ ಎಟಿವಿ ಪ್ರಸಾರ ನಡೆಸುತ್ತಿದ್ದವು. ಬರ್ಮಿಂಗ್‌ಹ್ಯಾಮ್ ಇರುವ ಮಿಡ್‌ಲ್ಯಾಂಡ್ಸ್‌ನಲ್ಲಿ ಅದೇ ಎಟಿವಿ ವಾರದ ದಿನಗಳನ್ನು ನೋಡಿಕೊಂಡರೆ ವಾರಾಂತ್ಯ ಎಬಿಸಿಯ ಪಾಲಿಗಿತ್ತು. ಉತ್ತರದಲ್ಲಿ ಗ್ರನಾಡಾ ಮತ್ತು ಎಬಿಸಿ. ಗ್ರನಾಡಾದ ಧಾರಾವಾಹಿ ‘ಕೊರೊನೇಷನ್ ಸ್ಟ್ರೀಟ್’ 1960ರ ಡಿಸೆಂಬರ್ 9ರ ಶುಕ್ರವಾರ ಆರಂಭವಾದಾಗ ಎಟಿವಿ ಅದನ್ನು ಮಿಡ್‌ಲ್ಯಾಂಡ್ಸ್‌ನಲ್ಲಿ ತೋರಿಸಲಿಲ್ಲ. ಅಂದರೆ ಮ್ಯಾಂಚೆಸ್ಟರಿನ ಮನೆ ನೋಡಿದ ಆ ಸಂಜೆಯ ಸಂಗತಿ ಬರ್ಮಿಂಗ್‌ಹ್ಯಾಮಿನ ಮನೆಗೆ ಗೊತ್ತೇ ಇರಲಿಲ್ಲ. 1968ರ ಬೇಸಿಗೆಯಲ್ಲಿ ಕಂಪನಿಗಳ ಹಂಚಿಕೆಯೇ ಬದಲಾಗಿ ಥೇಮ್ಸ್, ಲಂಡನ್ ವೀಕೆಂಡ್, ಯಾರ್ಕ್‌ಷೈರ್ ಹೆಸರುಗಳು ಬಂದವು. ನೀವು ಆರಿಸಿದ ದಿನ ಆ ಬೇಸಿಗೆಯ ಆಚೆಗಿದೆಯೋ ಈಚೆಗಿದೆಯೋ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಮನೆಯ ಸೆಟ್ಟು ಯಾವುದು ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಬಿಬಿಸಿಗಾಗಿ ಕೊಂಡ ಹಳೆಯ ಸೆಟ್ಟಿನಲ್ಲಿ ಐಟಿವಿ ಬರಬೇಕಾದರೆ ಸೆಟ್ಟಿಗೆ ಕನ್ವರ್ಟರೂ ಛಾವಣಿಗೆ ಹೊಸ ಆಂಟೆನಾವೂ ಬೇಕಾಗಿದ್ದವು. 1964ರ ಏಪ್ರಿಲ್‌ನಲ್ಲಿ ಬಂದ ಬಿಬಿಸಿ ಎರಡನೆಯ ವಾಹಿನಿ ಚಿತ್ರವನ್ನು 405 ಅಡ್ಡಗೆರೆಗಳಲ್ಲಿ ಮೂಡಿಸುವ ಹಳೆಯ ಪದ್ಧತಿಯನ್ನು ಬಿಟ್ಟು 625 ಗೆರೆಗಳಲ್ಲಿ ಪ್ರಸಾರವಾದ್ದರಿಂದ, ಅದಕ್ಕೆ ಸೆಟ್ಟನ್ನೇ ಬದಲಿಸಬೇಕಾಗಿತ್ತು. ಮೇಲಾಗಿ ಮೊದಲ ತಿಂಗಳುಗಳಲ್ಲಿ ಅದು ಲಂಡನ್ ಸುತ್ತಮುತ್ತಲಿಗೆ ಮಾತ್ರ ಲಭ್ಯವಿತ್ತು. ಮನೆಯ ಆರ್ಥಿಕ ಸ್ಥಿತಿಯನ್ನು ಸೂಚಿಸಬೇಕೆಂದಿದ್ದರೆ ಸೆಟ್ಟು ಇಟ್ಟುಕೊಳ್ಳಲು ಕಟ್ಟಬೇಕಿದ್ದ ಲೈಸೆನ್ಸ್ ಶುಲ್ಕವನ್ನು ಬಳಸಿಕೊಳ್ಳಬಹುದು: 1946ರಲ್ಲಿ ವರ್ಷಕ್ಕೆ 2 ಪೌಂಡ್, 1954ರಿಂದ 3 ಪೌಂಡ್, 1968ರಲ್ಲಿ ಬಣ್ಣದ ಸೆಟ್ಟು ಇಟ್ಟುಕೊಂಡವರಿಗೆ 10 ಪೌಂಡ್.

ಪಟ್ಟಿಯನ್ನು ಹುಡುಕುವುದು

ಬಿಬಿಸಿಯ ಕಾರ್ಯಕ್ರಮಗಳಿಗೆ ಮೊದಲ ಆಕರ ‘ರೇಡಿಯೊ ಟೈಮ್ಸ್’ ವಾರಪತ್ರಿಕೆ. 1923ರಿಂದ 2009ರವರೆಗಿನ ಅದರ ಪಟ್ಟಿಗಳನ್ನು ಬಿಬಿಸಿ ಜಿನೋಮ್ ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಏರಿಸಲಾಗಿದ್ದು, 2014ರಿಂದ ಅದು ಸಾರ್ವಜನಿಕರಿಗೆ ಮುಕ್ತವಾಗಿದೆ. ದಿನಾಂಕ ಕೊಟ್ಟರೆ ಆ ದಿನದ ಪಟ್ಟಿ ತೆರೆದುಕೊಳ್ಳುತ್ತದೆ. ಅಲ್ಲಿರುವುದು ಹೆಚ್ಚಾಗಿ ಲಂಡನ್ ಆವೃತ್ತಿಯ ಪಟ್ಟಿಯೆಂಬುದನ್ನು ಮರೆಯಬಾರದು. ಮುದ್ರಿತ ಸಂಚಿಕೆಯನ್ನೇ ಕೊಳ್ಳುವವರು ಇನ್ನೊಂದು ಸಣ್ಣ ವಿಷಯವನ್ನು ಗಮನಿಸಬೇಕು: 1960ರ ಅಕ್ಟೋಬರ್‌ವರೆಗೆ ಆ ಪತ್ರಿಕೆಯ ವಾರ ಭಾನುವಾರದಿಂದ ಶನಿವಾರಕ್ಕೆ ಸಾಗುತ್ತಿತ್ತು, ಅನಂತರ ಶನಿವಾರದಿಂದ ಶುಕ್ರವಾರಕ್ಕೆ. ಶನಿವಾರದ ಸಂಜೆಯೊಂದನ್ನು ಅರಸಿ ತಪ್ಪು ಸಂಚಿಕೆಗೆ ಹಣ ತೆತ್ತವರಲ್ಲಿ ನಾನೂ ಒಬ್ಬ.

ಐಟಿವಿಗೆ ಬೇರೆಯೇ ಪತ್ರಿಕೆ. 1991ರವರೆಗೂ ‘ರೇಡಿಯೊ ಟೈಮ್ಸ್’ ಐಟಿವಿಯ ಪಟ್ಟಿಯನ್ನಾಗಲಿ ‘ಟಿವಿ ಟೈಮ್ಸ್’ ಬಿಬಿಸಿಯ ಪಟ್ಟಿಯನ್ನಾಗಲಿ ಮುದ್ರಿಸುತ್ತಿರಲಿಲ್ಲವಾದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದದೆ ಆ ಮನೆಯವರ ಮುಂದಿದ್ದ ಆಯ್ಕೆ ಏನೆಂಬುದು ತಿಳಿಯುವುದಿಲ್ಲ. ‘ಟಿವಿ ಟೈಮ್ಸ್’ ಬಹುಮಟ್ಟಿಗೆ ದೇಶವ್ಯಾಪಿಯಾದದ್ದು 1968ರಲ್ಲಿ; ಅದಕ್ಕೆ ಮೊದಲು ಹಲವು ಪ್ರದೇಶಗಳಿಗೆ ‘ದಿ ವ್ಯೂವರ್’, ‘ಲುಕ್ ವೆಸ್ಟ್‌ವರ್ಡ್’ ಮುಂತಾದ ಸ್ವಂತ ಪತ್ರಿಕೆಗಳಿದ್ದವು. ಇವು ಸಿಗದಿದ್ದರೆ ಆ ದಿನದ ದಿನಪತ್ರಿಕೆಯ ಮೊರೆಹೋಗಿ. ದಿನಪತ್ರಿಕೆಗಳು ಅಂದಂದಿನ ಎರಡೂ ಪಟ್ಟಿಗಳನ್ನು ಒಟ್ಟಿಗೆ ಕೊಡುತ್ತಿದ್ದವು. ವಾರಪತ್ರಿಕೆ ಅಚ್ಚಿಗೆ ಹೋದ ಮೇಲೆ ಆದ ಬದಲಾವಣೆಗಳೂ ಕೆಲವೊಮ್ಮೆ ಅಲ್ಲಿ ಸಿಗುತ್ತವೆ.

ಗಂಟೆಗಳ ಚೌಕಟ್ಟು

ಈಗ ಒಂದು ದೊಡ್ಡ ಹಾಳೆಯ ಎಡಬದಿಯಲ್ಲಿ ಬೆಳಗಿನ 9ರಿಂದ ನಡುರಾತ್ರಿಯವರೆಗಿನ ಗಂಟೆಗಳನ್ನು ಬರೆದು, ವಾಹಿನಿಗೊಂದರಂತೆ ಕಾಲಂ ಎಳೆಯಿರಿ. ಕಾರ್ಯಕ್ರಮಗಳ ಹೆಸರನ್ನು ತುಂಬುವ ಮೊದಲು, ಪ್ರಸಾರಕ್ಕೆ ಅನುಮತಿಯೇ ಇಲ್ಲದ ಹೊತ್ತನ್ನು ಪೆನ್ಸಿಲಿನಿಂದ ಮಸುಕು ಮಾಡಿ. ಪ್ರಸಾರದ ಗಂಟೆಗಳನ್ನು ನಿರ್ಧರಿಸುವ ಅಧಿಕಾರ ಅಂಚೆ ಇಲಾಖೆಯ ಮಂತ್ರಿಯಾದ ಪೋಸ್ಟ್‌ಮಾಸ್ಟರ್ ಜನರಲ್ ಅವರದಾಗಿತ್ತು. 1950ರ ದಶಕದ ನಡುಭಾಗದಲ್ಲಿ ಒಂದೊಂದು ವಾಹಿನಿಗೂ ವಾರಕ್ಕೆ ಸುಮಾರು 50 ಗಂಟೆಗಳ ಮಿತಿಯಿತ್ತು. ಶಾಲಾ ಪಾಠ, ಧಾರ್ಮಿಕ ಕಾರ್ಯಕ್ರಮದಂಥವುಗಳಿಗೆ ವಿನಾಯಿತಿ ಇತ್ತು. ಈ ಬಗೆಯ ಮಿತಿ ಪೂರ್ತಿ ತೊಲಗಿದ್ದು 1972ರಲ್ಲಿ, ಅಂದರೆ ನಮ್ಮ ಕಾಲಾವಧಿ ಮುಗಿದ ಮೇಲೆ.

ಮಸುಕು ಮಾಡಬೇಕಾದ ಹೊತ್ತುಗಳಲ್ಲಿ ತೀರ ಮುಖ್ಯವಾದದ್ದು ಸಂಜೆ 6ರಿಂದ 7ರವರೆಗಿನದು. ಮಕ್ಕಳ ಕಾರ್ಯಕ್ರಮ 6ಕ್ಕೆ ಮುಗಿದರೆ ಹಿರಿಯರ ಕಾರ್ಯಕ್ರಮ 7ರ ಮೊದಲು ಆರಂಭವಾಗುವಂತಿರಲಿಲ್ಲ. ಪುಟ್ಟ ಮಕ್ಕಳನ್ನು ಹಠವಿಲ್ಲದೆ ಮಲಗಿಸಲು ತಾಯಂದಿರಿಗೆ ಅನುಕೂಲವಾಗಲಿ ಎಂಬುದು ಇದರ ಹಿಂದಿನ ಆಲೋಚನೆಯಾದ್ದರಿಂದ ಇದಕ್ಕೆ ‘ಟಾಡ್ಲರ್ಸ್ ಟ್ರೂಸ್’, ಅಂದರೆ ಎಳೆಯರ ಕದನವಿರಾಮ ಎಂಬ ಹೆಸರು ಬಿದ್ದಿತ್ತು. ಜಾಹೀರಾತಿನಿಂದಲೇ ಬದುಕಬೇಕಿದ್ದ ಐಟಿವಿ ಕಂಪನಿಗಳಿಗೆ ಆ ಒಂದು ಗಂಟೆಯೆಂದರೆ ಕಣ್ಣೆದುರಿಗೇ ಹರಿದುಹೋಗುತ್ತಿದ್ದ ಹಣ. ಅವು ಒತ್ತಾಯಿಸಿದ ಮೇಲೆ 1957ರ ಫೆಬ್ರವರಿ 16ರ ಶನಿವಾರ ಈ ಬಿಡುವು ಕೊನೆಗೊಂಡಿತು. ಬಿಬಿಸಿ ಅಂದು ಸಂಜೆ 6-05ಕ್ಕೆ ‘ಸಿಕ್ಸ್-ಫೈವ್ ಸ್ಪೆಷಲ್’ ಎಂಬ ಯುವಜನರ ಸಂಗೀತ ಕಾರ್ಯಕ್ರಮವನ್ನೂ, ಸೋಮವಾರದಿಂದ ‘ಟುನೈಟ್’ ಎಂಬ ವಾರ್ತಾವಿಶೇಷವನ್ನೂ ಆ ಜಾಗಕ್ಕೆ ತಂದಿತು. ನಿಮ್ಮ ದಿನ ಇದಕ್ಕಿಂತ ಹಿಂದಿನದಾದರೆ 6ರಿಂದ 7ರ ಚೌಕ ಖಾಲಿಯಾಗಿಯೇ ಇರಲಿ.

ಉಳಿದ ಹೊತ್ತು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋಗುತ್ತದೆ. 1936ರ ಕೊನೆಯಲ್ಲಿ ದಿನಕ್ಕೆ ಎರಡೇ ಗಂಟೆ: ಮಧ್ಯಾಹ್ನ 3ರಿಂದ 4, ರಾತ್ರಿ 9ರಿಂದ 10, ಭಾನುವಾರ ರಜೆ. 1939ರ ಸೆಪ್ಟೆಂಬರ್ 1ರಿಂದ 1946ರ ಜೂನ್ 7ರವರೆಗೆ ಯುದ್ಧದ ಕಾರಣ ಪ್ರಸಾರವೇ ಇರಲಿಲ್ಲವಾದ್ದರಿಂದ ಆ ನಡುವಿನ ದಿನಾಂಕ ಆರಿಸಿದವರಿಗೆ ಮಾಡಲು ಕೆಲಸವಿಲ್ಲ. 1950ರ ದಶಕದ ನಡುಭಾಗದ ಬಿಬಿಸಿ ವಾರದ ದಿನವೆಂದರೆ ಮಧ್ಯಾಹ್ನ ಗೃಹಿಣಿಯರಿಗಾಗಿ ಒಂದಿಷ್ಟು ಹೊತ್ತು, ಎಳೆಯ ಮಕ್ಕಳಿಗೆ ಕಾಲು ಗಂಟೆಯ ‘ವಾಚ್ ವಿತ್ ಮದರ್’, 5ರಿಂದ 6ರವರೆಗೆ ದೊಡ್ಡ ಮಕ್ಕಳ ಕಾರ್ಯಕ್ರಮ, ಬಿಡುವು, ಆಮೇಲೆ ರಾತ್ರಿಯವರೆಗೆ ಹಿರಿಯರದು. ಶಾಲೆಗಳಿಗಾಗಿ ಪಾಠಗಳು 1957ರಲ್ಲಿ ಬಂದವು, ಮೇ ತಿಂಗಳಲ್ಲಿ ಐಟಿವಿ, ಸೆಪ್ಟೆಂಬರ್‌ನಲ್ಲಿ ಬಿಬಿಸಿ. ವಾರದ ದಿನ ಯಾವುದೆಂಬುದನ್ನು ಪರೀಕ್ಷಿಸಲು ‘ವಾಚ್ ವಿತ್ ಮದರ್’ ಒಳ್ಳೆಯ ಒರೆಗಲ್ಲು: 1950ರ ದಶಕದ ಉತ್ತರಾರ್ಧದಲ್ಲಿ ಸೋಮವಾರ ‘ಪಿಕ್ಚರ್ ಬುಕ್’, ಮಂಗಳವಾರ ‘ಆಂಡಿ ಪ್ಯಾಂಡಿ’, ಬುಧವಾರ ಹೂಕುಂಡದ ಗೊಂಬೆಗಳಾದ ಬಿಲ್ ಮತ್ತು ಬೆನ್, ಗುರುವಾರ ‘ರ್‍ಯಾಗ್, ಟ್ಯಾಗ್ ಅಂಡ್ ಬಾಬ್‌ಟೇಲ್’, ಶುಕ್ರವಾರ ‘ದಿ ವುಡನ್‌ಟಾಪ್ಸ್’ ಎಂಬ ಕ್ರಮ ನೆಲೆಗೊಂಡಿತ್ತು.

ಗಡಿಯಾರದ ಒಂದು ತೊಡಕನ್ನೂ ಹೇಳಿಬಿಡುತ್ತೇನೆ. 1968ರ ಅಕ್ಟೋಬರ್ 27ರಿಂದ 1971ರ ಅಕ್ಟೋಬರ್ 31ರವರೆಗೆ ಬ್ರಿಟನ್ ಚಳಿಗಾಲದಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟೇ ನಡೆಯಿತು. 1969ರ ಜನವರಿಯ ಘಟನೆಯೊಂದನ್ನು ಗ್ರೀನಿಚ್ ಸಮಯದಲ್ಲಿ ಓದಿ ನೇರವಾಗಿ ಹಾಳೆಗೆ ಇಳಿಸಿದರೆ ಅದು ಒಂದು ಗಂಟೆ ಹಿಂದೆ ಬೀಳುತ್ತದೆ.

ಪಟ್ಟಿಯಲ್ಲಿ ಅಚ್ಚಾಗದ ಸಂಗತಿಗಳು

ಪಟ್ಟಿಯನ್ನು ಹಾಳೆಗೆ ಇಳಿಸಿದ ಮೇಲೆ ಕಾರ್ಯಕ್ರಮಗಳ ನಡುವಿನ ಸಂದುಗಳಿಗೆ ಬನ್ನಿ. ನನ್ನ ಮಟ್ಟಿಗೆ ಇಡೀ ಕೆಲಸದ ಸ್ವಾರಸ್ಯ ಇಲ್ಲಿಯೇ ಇದೆ. ಪ್ರಸಾರವಿಲ್ಲದ ಹಗಲು ಹೊತ್ತಿನಲ್ಲಿ ಅನೇಕ ವೇಳೆ ಟೆಸ್ಟ್ ಕಾರ್ಡ್ ಎಂಬ ಸ್ಥಿರಚಿತ್ರ, ಅದರ ಹಿಂದೆ ಸಂಗೀತ ಇಲ್ಲವೆ ಒಂದೇ ಸಮನಾದ ಶ್ರುತಿ ಇರುತ್ತಿತ್ತು. ಅಂಗಡಿಯವರಿಗೆ ಸೆಟ್ಟನ್ನು ಗಿರಾಕಿಗೆ ತೋರಿಸಲು, ಛಾವಣಿಯೇರಿದ ಕೆಲಸಗಾರನಿಗೆ ಆಂಟೆನಾ ತಿರುಗಿಸಿ ಚಿತ್ರ ಸರಿಮಾಡಲು ಅದು ಬೇಕಾಗಿತ್ತು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ: ಕಪ್ಪು ಹಲಗೆಯ ಪಕ್ಕದಲ್ಲಿ ಬೊಂಬೆಯೊಂದಿಗೆ ಕುಳಿತ ಹುಡುಗಿಯ ಪ್ರಸಿದ್ಧ ಕಾರ್ಡನ್ನು ಎಲ್ಲ ವರ್ಷಗಳಿಗೂ ಅಂಟಿಸಿಬಿಡುತ್ತಾರೆ. ಅದು ಬಣ್ಣದ ಪ್ರಸಾರಕ್ಕಾಗಿ 1967ರಲ್ಲಿ ಬಂದ ‘ಎಫ್’ ಕಾರ್ಡ್. 1950ರ ದಶಕದ ಹಗಲಿಗೆ ವೃತ್ತ ಮತ್ತು ಗೆರೆಗಳಷ್ಟೇ ಇರುವ ‘ಸಿ’ ಕಾರ್ಡನ್ನು ಬಳಸಬೇಕು.

ನೇರ ಪ್ರಸಾರವೇ ಹೆಚ್ಚಾಗಿದ್ದ ಕಾಲದಲ್ಲಿ ಒಂದು ಸ್ಟುಡಿಯೊದಿಂದ ಇನ್ನೊಂದಕ್ಕೆ ಹೋಗುವ ನಡುವೆಯೋ ಯಂತ್ರ ಕೈಕೊಟ್ಟಾಗಲೋ ಬಿಬಿಸಿ ಸಣ್ಣ ಚಿತ್ರಗಳನ್ನು ತೋರಿಸುತ್ತಿತ್ತು. ಕುಂಬಾರನ ಚಕ್ರದ ಮೇಲೆ ಮಣ್ಣು ಏಳುತ್ತ ಬೀಳುತ್ತ ಮಡಕೆ ಎಂದೂ ಪೂರ್ಣವಾಗದ ಚಿತ್ರ, ಆಟವಾಡುವ ಬೆಕ್ಕಿನ ಮರಿ, ಲಂಡನ್ನಿನಿಂದ ಬ್ರೈಟನ್‌ಗೆ ರೈಲು ನಾಲ್ಕೇ ನಿಮಿಷದಲ್ಲಿ ಓಡಿಬಿಡುವ 1953ರ ಚಿತ್ರ ಇವೆಲ್ಲ ಹೀಗೆ ಬಂದಂಥವು. ಇಂತಹ ಒಂದನ್ನಾದರೂ ನಿಮ್ಮ ಹಾಳೆಯಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಇರಿಸಿ. ಸಿಲ್ವಿಯಾ ಪೀಟರ್ಸ್, ಮೇರಿ ಮಾಲ್ಕಮ್, ಮ್ಯಾಕ್‌ಡೊನಾಲ್ಡ್ ಹಾಬ್ಲಿ ಅವರಂಥ ಉದ್ಘೋಷಕರು ಸಂಜೆಯ ಉಡುಪಿನಲ್ಲಿ ಕಾಣಿಸಿಕೊಂಡು ಮುಂದಿನ ಕಾರ್ಯಕ್ರಮವನ್ನು ಪರಿಚಯಿಸುತ್ತಿದ್ದರು. ಅವರ ಮಾತಿಗೆ ಅರ್ಧ ನಿಮಿಷ ಬಿಡಿ. ಸುದ್ದಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. 1954ರ ಜುಲೈವರೆಗೆ ಬಿಬಿಸಿಯ ರಾತ್ರಿಯ ಸುದ್ದಿ ಧ್ವನಿಯಲ್ಲಿ ಮಾತ್ರ ಬರುತ್ತಿತ್ತು, ಅನಂತರವೂ ಒಂದು ವರ್ಷಕ್ಕೂ ಮಿಕ್ಕಿ ವಾರ್ತಾವಾಚಕರ ಮುಖ ಕಾಣಿಸಲಿಲ್ಲ; ಕೆನೆತ್ ಕೆಂಡಲ್ ಅವರು ಪರದೆಯ ಮೇಲೆ ಕಂಡದ್ದು 1955ರ ಸೆಪ್ಟೆಂಬರ್‌ನಲ್ಲಿ, ಐಟಿವಿ ಆರಂಭಕ್ಕೆ ಕೆಲವೇ ದಿನಗಳ ಮುಂಚೆ.

ಐಟಿವಿ ಕಾಲಂನಲ್ಲಿ ಜಾಹೀರಾತಿಗೆ ಗಂಟೆಗೆ ಸರಾಸರಿ ಆರು ನಿಮಿಷ ಲೆಕ್ಕಹಾಕಿ. ಕಾರ್ಯಕ್ರಮವನ್ನು ಜಾಹೀರಾತುದಾರರೇ ಪ್ರಾಯೋಜಿಸುವುದಕ್ಕೆ ಕಾನೂನಿನ ಅನುಮತಿಯಿರಲಿಲ್ಲ. ಮೊದಲ ಜಾಹೀರಾತು, ಗಿಬ್ಸ್ ಎಸ್‌ಆರ್ ಟೂತ್‌ಪೇಸ್ಟಿನದು, 1955ರ ಆ ಮೊದಲ ರಾತ್ರಿ 8-12ಕ್ಕೆ ಬಂತು. ಕಥೆಯ ರೂಪದಲ್ಲೇ ಸಾಲುಸಾಲು ಸರಕುಗಳನ್ನು ಹೊಗಳುವ ಜಾಹೀರಾತು-ಕಾರ್ಯಕ್ರಮಗಳೂ ಇದ್ದವು, 1963ರಲ್ಲಿ ಅವು ನಿಷೇಧಕ್ಕೊಳಗಾದವು.

ಅಚ್ಚಾದದ್ದು ಮತ್ತು ನಡೆದದ್ದು

ಪಂಚಾಂಗ ಹಿಂಡಿದರೆ ಮಳೆ ಬರುವುದಿಲ್ಲವೆಂಬಂತೆ, ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕಾರ್ಯಕ್ರಮ ಪ್ರಸಾರವಾಯಿತೆಂದು ಹೇಳಲಾಗದು. ಇದಕ್ಕೆ 1964ರ ಏಪ್ರಿಲ್ 20ಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗಲಾರದು. ಅಂದು ಬಿಬಿಸಿ ಎರಡನೆಯ ವಾಹಿನಿಯ ಉದ್ಘಾಟನೆ; ‘ರೇಡಿಯೊ ಟೈಮ್ಸ್’ ತೆರೆದರೆ ‘ಕಿಸ್ ಮಿ ಕೇಟ್’ ಸಂಗೀತನಾಟಕವೂ ಪಟಾಕಿ ಪ್ರದರ್ಶನವೂ ಸೇರಿದಂತೆ ಭರ್ಜರಿ ಸಂಜೆಯೊಂದು ಅಲ್ಲಿ ಅಚ್ಚಾಗಿದೆ. ಆದರೆ ಆರಂಭಕ್ಕೆ ಸ್ವಲ್ಪ ಮುಂಚೆ ಬ್ಯಾಟರ್‌ಸೀ ವಿದ್ಯುತ್ ಕೇಂದ್ರದಲ್ಲಿ ಬೆಂಕಿ ಕಾಣಿಸಿಕೊಂಡು ಪಶ್ಚಿಮ ಲಂಡನ್ ಕತ್ತಲಲ್ಲಿ ಮುಳುಗಿತು, ಬಿಬಿಸಿಯ ಟೆಲಿವಿಷನ್ ಸೆಂಟರಿನ ಸ್ಟುಡಿಯೊಗಳು ಸ್ತಬ್ಧವಾದವು, ಬೇರೆ ಕಡೆಯಿಂದ ವಿದ್ಯುತ್ ಪಡೆಯುತ್ತಿದ್ದ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಜೆರಾಲ್ಡ್ ಪ್ರೀಸ್ಟ್‌ಲ್ಯಾಂಡ್ ಅವರು ಸುದ್ದಿ ಓದಿದರು. ಉದ್ಘಾಟನೆಯ ಕಾರ್ಯಕ್ರಮಗಳು ಮರುದಿನ ಸಂಜೆಗೆ ಹೋದವು. ಹೀಗಾಗಿ ಏಪ್ರಿಲ್ 21ರ ಬೆಳಿಗ್ಗೆ ಬಂದ ಮಕ್ಕಳ ‘ಪ್ಲೇ ಸ್ಕೂಲ್’ ಆ ವಾಹಿನಿಯಲ್ಲಿ ಅಂದುಕೊಂಡಂತೆ ಪ್ರಸಾರವಾದ ಮೊದಲ ಕಾರ್ಯಕ್ರಮವೆನಿಸಿತು. ಪಟ್ಟಿಯನ್ನಷ್ಟೇ ನಂಬಿದವರು ಏಪ್ರಿಲ್ 20ರ ಚೌಕದಲ್ಲಿ ಇಂದಿಗೂ ಪಟಾಕಿ ಹೊಡೆಯುತ್ತಾರೆ.

ಎಲ್ಲ ವ್ಯತ್ಯಾಸಗಳೂ ಇಷ್ಟು ಢಾಳಾಗಿರುವುದಿಲ್ಲ. 1963ರ ನವೆಂಬರ್ 23ರ ಶನಿವಾರವನ್ನು ತೆಗೆದುಕೊಳ್ಳಿ. ಹಿಂದಿನ ಸಂಜೆ ಲಂಡನ್ ಸಮಯ 6-30ಕ್ಕೆ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯವರ ಮೇಲೆ ಗುಂಡು ಹಾರಿತ್ತು. ಶನಿವಾರದ ಪಟ್ಟಿಯಲ್ಲಿ ‘ಗ್ರ್ಯಾಂಡ್‌ಸ್ಟ್ಯಾಂಡ್’ ಕ್ರೀಡಾ ಕಾರ್ಯಕ್ರಮದ ಬಳಿಕ 5-15ಕ್ಕೆ ‘ಡಾಕ್ಟರ್ ಹೂ’ ಎಂಬ ಹೊಸ ಧಾರಾವಾಹಿಯ ಮೊದಲ ಕಂತು ಇದ್ದು, ಅದು ಸುಮಾರು 80 ಸೆಕೆಂಡು ತಡವಾಗಿ ಆರಂಭವಾಯಿತು. ರಾತ್ರಿಯ ‘ದಟ್ ವಾಸ್ ದ ವೀಕ್ ದಟ್ ವಾಸ್’ ತನ್ನ ಎಂದಿನ ವಿಡಂಬನೆಯನ್ನು ಬದಿಗಿಟ್ಟು ಕೆನಡಿಯವರಿಗೆ ಶ್ರದ್ಧಾಂಜಲಿಯಾಗಿ ಮಾರ್ಪಟ್ಟಿತು. ಮುಂದಿನ ಶನಿವಾರವನ್ನು ಕಟ್ಟುವವರು ಎರಡನೆಯ ಕಂತಿಗೆ ಮೊದಲು ಮೊದಲನೆಯ ಕಂತಿನ ಮರುಪ್ರಸಾರಕ್ಕೂ ಜಾಗ ಬಿಡಬೇಕು.

ಇಂಥ ವ್ಯತ್ಯಾಸಗಳನ್ನು ಹಿಡಿಯಲು ಮರುದಿನದ ದಿನಪತ್ರಿಕೆ ಮೊದಲ ಸಹಾಯ. ಹೆಚ್ಚು ನಿಖರತೆ ಬೇಕಾದವರಿಗೆ ರೆಡಿಂಗ್ ಬಳಿಯ ಕ್ಯಾವರ್‌ಶಮ್‌ನಲ್ಲಿ ಬಿಬಿಸಿಯ ಲಿಖಿತ ದಾಖಲೆಗಳ ಭಂಡಾರವಿದೆ. ವಾಸ್ತವವಾಗಿ ಪ್ರಸಾರವಾದದ್ದನ್ನು ದಿನದಿನವೂ ನಮೂದಿಸಿದ ಹಾಳೆಗಳು ಅಲ್ಲಿವೆ. ಐಟಿವಿಗೆ ಸಂಬಂಧಿಸಿದಂತೆ 1968ರ ಆಗಸ್ಟ್‌ನ ಮುಷ್ಕರದ ದಿನಗಳನ್ನು ಆರಿಸಿಕೊಂಡಿದ್ದರೆ ಮುದ್ರಿತ ಪಟ್ಟಿಯನ್ನು ಮಡಚಿ ಒಳಗಿಡಿ, ಆಗ ಪ್ರಾದೇಶಿಕ ಕಂಪನಿಗಳ ಬದಲು ದೇಶಕ್ಕೆಲ್ಲ ಒಂದೇ ತುರ್ತು ಸೇವೆ ನಡೆಯುತ್ತಿತ್ತು. ಹಾಳೆಯಲ್ಲಿ ಪ್ರತಿ ನಮೂದಿನ ಪಕ್ಕ ಮೂರರಲ್ಲಿ ಒಂದು ಗುರುತು ಹಾಕುವುದು ನನ್ನ ರೂಢಿ: ಪಟ್ಟಿಯಲ್ಲಿದ್ದದ್ದು, ಪ್ರಸಾರವಾದದ್ದು ಖಚಿತವಾದದ್ದು, ನಾನು ಊಹಿಸಿದ್ದು. ಮೂರನೆಯ ಗುರುತು ಹಾಕಲು ನಾಚಬೇಕಾಗಿಲ್ಲ.

ಚಿತ್ರಗಳನ್ನು ಒದಗಿಸಿಕೊಳ್ಳುವುದು

ಬರೀ ಬರೆಯುವವರಿಗೆ ಇಷ್ಟು ಸಾಕು. ದಿನವನ್ನು ನೋಡಬೇಕೆಂದವರಿಗೆ ಮುಂದಿನ ತೊಂದರೆ, ಕಾರ್ಯಕ್ರಮ ಉಳಿದಿದೆಯೇ ಎಂಬುದು. ಫಿಲಂನಲ್ಲಿ ಚಿತ್ರೀಕರಿಸಿದ್ದು ಉಳಿಯುವ ಸಂಭವ ಹೆಚ್ಚು: ‘ಆಂಡಿ ಪ್ಯಾಂಡಿ’ಯ 26 ಕಪ್ಪು-ಬಿಳುಪು ಚಿತ್ರಗಳನ್ನೇ ಬಿಬಿಸಿ ಸುಮಾರು ಎರಡು ದಶಕ ತಿರುತಿರುಗಿ ತೋರಿಸಿತು. ನೇರ ಪ್ರಸಾರವಾದದ್ದು ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಮಾನಿಟರಿನ ಪರದೆಯನ್ನೇ ಫಿಲಂ ಕ್ಯಾಮೆರಾದಿಂದ ಚಿತ್ರೀಕರಿಸುವ ಟೆಲಿರೆಕಾರ್ಡಿಂಗ್ ನಡೆದಿದ್ದರೆ ಮಾತ್ರ ಉಳಿಯುತ್ತಿತ್ತು. 1953ರ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಧಾರಾವಾಹಿಯ ಆರು ಕಂತುಗಳಲ್ಲಿ ಹೀಗೆ ಉಳಿದದ್ದು ಮೊದಲ ಎರಡು. 1950ರ ದಶಕದ ಕೊನೆಗೆ ವಿಡಿಯೊ ಟೇಪ್ ಬಂದ ಮೇಲೂ ಸ್ಥಿತಿ ಸುಧಾರಿಸಲಿಲ್ಲ, ಏಕೆಂದರೆ ಟೇಪ್ ದುಬಾರಿಯಾಗಿತ್ತು, ಅಳಿಸಿ ಮತ್ತೆ ಬಳಸಬಹುದಿತ್ತು, ಕಲಾವಿದರ ಸಂಘದೊಂದಿಗಿನ ಒಪ್ಪಂದಗಳಿಂದಾಗಿ ಹಳೆಯದನ್ನು ಬೇಕೆಂದಾಗ ಮರುಪ್ರಸಾರ ಮಾಡುವಂತೆಯೂ ಇರಲಿಲ್ಲ. ಅಳಿಸಿದ ಕೆಲವು ಕಾರ್ಯಕ್ರಮಗಳ ಫಿಲಂ ಪ್ರತಿಗಳು ಹೊರದೇಶಗಳಲ್ಲಿ ಸಿಕ್ಕಿವೆ. ‘ಡಾಕ್ಟರ್ ಹೂ’ ಕಂತುಗಳು ನೈಜೀರಿಯಾದಲ್ಲಿ ಸಿಕ್ಕ ಸುದ್ದಿ 2013ರಲ್ಲಿ ಹೊರಬಂತು.

ಉಳಿದ ಪ್ರತಿ ನಿಮ್ಮ ದಿನದ್ದೇ ಎಂದು ಕಣ್ಣುಮುಚ್ಚಿ ನಂಬಬೇಡಿ. ಬಿಬಿಸಿಯ ಭಾನುವಾರದ ನಾಟಕವನ್ನು ನಟರು ಗುರುವಾರ ಮತ್ತೊಮ್ಮೆ ನೇರವಾಗಿ ಅಭಿನಯಿಸುವ ಪದ್ಧತಿಯಿತ್ತು. 1954ರ ಡಿಸೆಂಬರ್ 12ರ ಭಾನುವಾರ ದೇಶದಲ್ಲಿ ದೊಡ್ಡ ವಾದ ಎಬ್ಬಿಸಿದ ‘ನೈಂಟೀನ್ ಎಯ್ಟಿ-ಫೋರ್’ ನಾಟಕದ ಉಳಿದ ಪ್ರತಿ ಡಿಸೆಂಬರ್ 16ರ ಗುರುವಾರದ್ದು. ಭಾನುವಾರದ ಜಾಗಕ್ಕೆ ಅದನ್ನು ಬಳಸಬಹುದು, ಆದರೆ ಹಾಗೆಂದು ಹಾಳೆಯಲ್ಲಿ ಬರೆದಿಡಿ. ಏನೂ ಉಳಿಯದಿದ್ದ ಕಡೆ ಅದೇ ಸರಣಿಯ ಬೇರೆ ಕಂತನ್ನು ತುರುಕುವುದಕ್ಕಿಂತ ಕಾರ್ಯಕ್ರಮದ ಹೆಸರು, ತಾರಾಗಣಗಳ ಫಲಕವನ್ನಷ್ಟೇ ಆ ಅವಧಿಗೆ ನಿಲ್ಲಿಸುವುದು ಪ್ರಾಮಾಣಿಕವಾದ ದಾರಿ.

ಪರದೆಯ ಮೇಲೆ ತರುವಾಗ

ಚಿತ್ರವನ್ನು ಅಗಲ ಪರದೆಗೆ ಹಿಗ್ಗಿಸಬೇಡಿ. ಅಂದಿನ ಚೌಕಟ್ಟು 4:3, 1950ರ ಏಪ್ರಿಲ್‌ಗೆ ಮೊದಲು 5:4. ಟೆಲಿರೆಕಾರ್ಡಿಂಗ್ ಪ್ರತಿಗಳಲ್ಲಿ ಚಲನೆ ಕೊಂಚ ತಡೆತಡೆದಂತೆ ಕಾಣುವುದಕ್ಕೆ ಕಾರಣವಿದೆ: ಸ್ಟುಡಿಯೊದ ಚಿತ್ರ ಸೆಕೆಂಡಿಗೆ 50 ಬಾರಿ ಹೊಸದಾಗುತ್ತಿದ್ದರೆ ಫಿಲಂ ಹಿಡಿದದ್ದು 25 ಚೌಕಟ್ಟುಗಳನ್ನು ಮಾತ್ರ. ಆ ನಯವಾದ ಚಲನೆಯನ್ನು ಗಣಕದಿಂದ ಮರಳಿ ತರುವ ವಿಡ್‌ಫೈರ್ ಎಂಬ ವಿಧಾನದಲ್ಲಿ ಸಂಸ್ಕರಿಸಿದ ಪ್ರತಿ ದೊರೆತರೆ ಅದನ್ನೇ ಆರಿಸಿ, ಮನೆಯವರು ಕಂಡದ್ದು ಅದಕ್ಕೇ ಹೆಚ್ಚು ಹತ್ತಿರ. 405 ಗೆರೆಗಳ ಸೆಟ್ಟು 10,125 ಹರ್ಟ್ಸ್‌ನ ಸಣ್ಣ ಶಿಳ್ಳೆಯೊಂದನ್ನು ಸದಾ ಹೊರಡಿಸುತ್ತಿತ್ತು, ಎಳೆಯರ ಕಿವಿಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು. ನಾಟಕದ ರಂಗದ ಮೇಲೆ ಸೆಟ್ಟನ್ನು ಇಡುವವರು ಇದನ್ನು ಮೆಲ್ಲಗೆ ಸೇರಿಸಿಕೊಳ್ಳಬಹುದು. ವಾಲ್ವುಗಳು ಬಿಸಿಯಾಗುವವರೆಗೆ ಚಿತ್ರ ಮೂಡುವುದಿಲ್ಲವಾದ್ದರಿಂದ, ಪಾತ್ರವೊಂದು ಗುಂಡಿ ತಿರುಗಿಸಿದ ಕೂಡಲೇ ಕಾರ್ಯಕ್ರಮ ಕಾಣಿಸುವಂತೆ ಮಾಡಬಾರದು.

ರಾತ್ರಿಯ ಕೊನೆಯ ಕಾರ್ಯಕ್ರಮ ಮುಗಿದಲ್ಲಿಗೆ ನಿಲ್ಲಿಸದೆ, ಐಟಿವಿಯಾದರೆ ಧಾರ್ಮಿಕ ಚಿಂತನೆಯ ಕೆಲವು ನಿಮಿಷಗಳನ್ನು, ಬಿಬಿಸಿಯಾದರೆ ಉದ್ಘೋಷಕರ ಶುಭರಾತ್ರಿಯನ್ನೂ ರಾಷ್ಟ್ರಗೀತೆಯನ್ನೂ ಸೇರಿಸಿ. ಆಮೇಲೆ ಸೆಟ್ಟನ್ನು ಆರಿಸಲು ಮರೆಯಬೇಡಿ ಎಂಬ ಸೂಚನೆ, ಒಂದೆರಡು ನಿಮಿಷ ಬರಿದಾದ ಪರದೆ, ಗುಂಡಿ ತಿರುಗಿಸಿದಾಗ ನಡುವಿನಲ್ಲಿ ಕುಗ್ಗಿ ಕುಗ್ಗಿ ಆರುವ ಬಿಳಿಯ ಚುಕ್ಕೆ.